ಸುತ್ತಿಗೆ ಡಾಕ್ಟ್ರು ಮತ್ತು ಅಂಗನವಾಡಿ ಮಿಸ್ಸು

ಊರವರ ತಲೆ ನೋಡುವ ಕೆಲಸಕ್ಕೆ ಸೇರಿದವನ ತಲೆ ಒಂದು ದಿನವೂ ನೆಟ್ಟಗಿರಲ್ಲ. ಏನಾದರೊಂದು ಆಗುತ್ತಲೇ ಇರುತ್ತೆ. ತೊಂಬತ್ತರ ದಶಕದಲ್ಲಿ ನಾನು ಮೈಸೂರಿನ ಒಬ್ಬ ನರರೋಗ ತಜ್ಞರ ಹತ್ತಿರ ಇಇಜಿ ಟೆಕ್ನಿಷಿಯನ್ ಆಗಿದ್ದೆ. ರೋಗಿಯ ತಲೆಗೆ ವೈರು ಅಂಟಿಸಿ, ಮಿದುಳಿನೊಳಗೆ ಓಡಾಡುವ ಕರೆಂಟನ್ನು ಕಾಗದದ ಮೇಲೆ ಗೀಟು ಗೀಟಾಗಿ ಬರೆಸಿಕೊಳ್ಳುವ ಯಂತ್ರ ಅದು. ಅದನ್ನು ವ್ಯಾನಿಗೆ ಹಾಕಿಕೊಂಡು ತಿಂಗಳಿಗೊಂದು ಸಲ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿ ಕ್ಯಾಂಪು ಮಾಡುತ್ತಿದ್ದೆವು. ಡಾಕ್ಟರು ಡ್ರೈವರ್ ಪಕ್ಕ ಕೂತು ದಾರಿಯುದ್ದಕ್ಕೂ ವಿದೇಶದ ವೈದ್ಯಕೀಯ ಪತ್ರಿಕೆ ಓದುತ್ತಾ, “ನೋಡಯ್ಯಾ, ಮೂರ್ಛೆರೋಗಕ್ಕೆ ಎಂಥೆಂಥಾ ಹೊಸ ಔಷಧಿ ಬರ್ತಾ ಇದೆ!” ಅಂತ ಖುಷಿಪಡುತ್ತಿದ್ದರು. ನಾನು ಹಿಂದೆ ಕೂತು, ಯಂತ್ರ ಎಗರಿ ಬೀಳದ ಹಾಗೆ ತಬ್ಬಿಕೊಂಡು, ರಸ್ತೆ ಮಾಡಿದವರನ್ನು ಬೈಯುತ್ತಿದ್ದೆ. ಅವರು ಶಾಂತಮೂರ್ತಿ, ನಾನು ಮುಂಗೋಪಿ. ಮೊದಲೇ ಹೇಳಿಬಿಟ್ಟಿದ್ದೀನಿ, ಆಮೇಲೆ ತಕರಾರು ಬೇಡ.

ಮನೆಮಂದಿಯೆಲ್ಲ ನಿದ್ದೆಗೆಟ್ಟಿದ್ದು

ಇಇಜಿಗೆ ಬರುವವರಿಗೆ ಎರಡೇ ನಿಯಮ. ತಲೆಗೆ ಸ್ನಾನ ಮಾಡಿ ಎಣ್ಣೆ ಹಚ್ಚದೆ ಬರಬೇಕು. ಹಿಂದಿನ ರಾತ್ರಿ ನಿದ್ದೆ ಮಾಡಿರಬಾರದು. ಯಂತ್ರ ಓಡುವಾಗ ರೋಗಿಗೆ ಒಂದು ಜೋಂಪು ಹತ್ತಿದರೆ ರೋಗ ಚೆನ್ನಾಗಿ ಗೊತ್ತಾಗುತ್ತೆ, ಅದಕ್ಕೆ.

ಕೆ.ಆರ್. ಪೇಟೆ ಕ್ಯಾಂಪಿಗೆ ಬೂಕನಕೆರೆ ಕಡೆಯ ಹಳ್ಳಿಯಿಂದ ಒಬ್ಬಳು ಅಂಗನವಾಡಿ ಮಿಸ್ಸು ಬಂದಳು. ಇಪ್ಪತ್ತೆರಡು ವರ್ಷ ಇರಬಹುದು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಫಿಟ್ಸ್ ಬಂದಾಗ ಬಾಯಿ ಬಿಡಿಸೋಕೆ ಅಂತ ಅವಳ ದೊಡ್ಡಪ್ಪ ಬೀಗದ ಕೈ ತುರುಕಿದ್ದರಂತೆ. ಹಲ್ಲು ಹೋಗಿದ್ದಕ್ಕೆ ಅವಳಿಗೆ ಅಷ್ಟು ಬೇಜಾರಿರಲಿಲ್ಲ. ಫಿಟ್ಸ್ ಬರೋಳ ಕೈಗೆ ಮಕ್ಕಳನ್ನು ಬಿಡಬಾರದು, ಬೇರೆಯವರನ್ನು ಹಾಕಿಸಬೇಕು ಅಂತ ಊರ ಯಜಮಾನರು ಅರ್ಜಿ ಹಿಡಿದು ಓಡಾಡುತ್ತಿದ್ದರು. ಅವಳ ಭಯ ಅದು.

“ಸಾ, ಕೆಲ್ಸ ಒಂದ್ ಉಳಿಸ್ಕೊಡಿ. ಆ ಮಕ್ಳ ಜೊತೆ ಇದ್ರೆ ನಂಗೆ ಕಾಯ್ಲೆ ಇರಾದೇ ಮರ್ತೋಯ್ತದೆ” ಅಂದಳು. ನಾನು ವೈರು ಬಿಡಿಸಿಕೊಂಡು ಹತ್ತಿರ ಹೋದೆ.

ಆದರೆ ತಲೆ ಮುಟ್ಟಿ ನೋಡಿದರೆ ಕೊಬ್ಬರಿ ಎಣ್ಣೆ ತೊಟ್ಟಿಕ್ಕುತ್ತಿದೆ! ರೇಗಿತು. “ಹೇಳಿರಲಿಲ್ವೇನಮ್ಮಾ?” ಅಂದೆ. ಅವಳ ತಾಯಿ ನನಗೇ ಗದರಿದರು: “ಚೆನ್ನಾಗ್ ಏಳ್ತೀರಿ ಬುಡಿ. ವಯಸ್ಗೆ ಬಂದ್ ಎಣ್ಮಗ ತಲೆ ಕೆದರ್ಕಂಡ್ ಬಸ್ಸತ್ತಿದ್ರೆ ಜನ ಏನಂದ್ಕಂಡಾರು?”

ಆಸ್ಪತ್ರೆ ಹಿಂದಿನ ನಲ್ಲಿಯಲ್ಲಿ ತಲೆ ತೊಳೆಸಿ, ಒರೆಸಿ, ಮಂಚದ ಮೇಲೆ ಮಲಗಿಸಿ ವೈರು ಅಂಟಿಸಿದೆ. ರಾತ್ರಿ ಎದ್ದಿದ್ದಳಾ ಅಂತ ಕೇಳಿದರೆ ಅಪ್ಪ ಹೆಮ್ಮೆಯಿಂದ ಹೇಳಿದರು: “ಅವ್ಳೊಬ್ಳೇ ಎಂಗ್ ಎದ್ದಿರ್ತಾಳೆ ಸಾ? ಮನೆಯೋರೆಲ್ಲ ಎದ್ದಿದ್ದೊ.”

ಲೈಟು ಆರಿಸಿದೆ. ಐದೇ ನಿಮಿಷ. ಅಪ್ಪ ಬೆಂಚಿನ ಮೇಲೆ, ತಾಯಿ ಮಂಚದ ಕಾಲಿಗೆ ಒರಗಿ, ಬೀಗದ ಕೈಯ ದೊಡ್ಡಪ್ಪ ನನ್ನ ಯಂತ್ರಕ್ಕೇ ಒರಗಿ ಗೊರಕೆ ಶುರು. ಮಂಚದ ಮೇಲಿಂದ ಸಣ್ಣ ದನಿ ಬಂತು: “ಸಾ, ಈ ಗೊರ್ಕೇಲಿ ನಂಗೆಂಗ್ ನಿದ್ದೆ ಬಂದಾತು?”

ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ಇಣುಕಿ, “ನಿದ್ದೆ ಬಂತೇನಯ್ಯಾ?” ಅಂದರು.

“ಎಲ್ಲರಿಗೂ ಬಂತು ಸಾರ್, ರೋಗಿಗೊಬ್ಬಳಿಗೆ ಬಿಟ್ಟು” ಅಂದೆ.

ಎಲ್ಲರನ್ನೂ ಆಚೆ ಅಟ್ಟಿದ ಮೇಲೆ ಪರೀಕ್ಷೆ ಮುಗಿಯಿತು. ಡಾಕ್ಟರು ಮಾತ್ರೆ ಬರೆದು, ಒಂದು ದಿನವೂ ತಪ್ಪಿಸಬಾರದು ಅಂದರು. ಯಾರಾದರೂ ಬಿದ್ದಾಗ ಏನು ಮಾಡಬೇಕು ಅಂತಲೂ ಬಿಡಿಸಿ ಹೇಳಿದರು. ಪಕ್ಕಕ್ಕೆ ಹೊರಳಿಸಿ, ಕೊರಳಪಟ್ಟಿ ಸಡಿಲಿಸಿ, ಗಡಿಯಾರ ನೋಡಿ. ಕೀ ಬೇಡ, ಚಪ್ಪಲಿ ಬೇಡ, ಈರುಳ್ಳಿ ಬೇಡ. ಪೂರ್ತಿ ಎಚ್ಚರ ಆಗುವ ತನಕ ಬಾಯಿಗೆ ಒಂದು ತೊಟ್ಟು ನೀರೂ ಬೇಡ. ಎಚ್ಚರ ಆಗಿದೆಯೋ ಇಲ್ಲವೋ ತಿಳಿಯೋಕೆ ಏನಾದರೂ ಪ್ರಶ್ನೆ ಕೇಳಿ. ಮಿಸ್ಸು ಅದನ್ನೆಲ್ಲ ಅಂಗನವಾಡಿಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ಅದನ್ನು ನೋಡಿ ನಾನು ನಕ್ಕಿದ್ದೆ.

ಎರಡೇಟು

ನಾಗಮಂಗಲದಲ್ಲಿ ನಮ್ಮ ಡಾಕ್ಟರ ಹೆಸರು, ಪದವಿ ಯಾರಿಗೂ ಗೊತ್ತಿರಲಿಲ್ಲ. ಮಂಡಿಗೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ನರ ನೋಡುತ್ತಿದ್ದರಲ್ಲ, ಹಾಗಾಗಿ ಅವರು ಸುತ್ತಿಗೆ ಡಾಕ್ಟ್ರು.

ಒಬ್ಬ ಗೌಡರು ತಲೆನೋವು ಅಂತ ಬಂದರು. ಡಾಕ್ಟರು ಕಣ್ಣು ನೋಡಿ, “ಕನ್ನಡಕ ಹಾಕಿಸಿ, ಸರಿಹೋಗುತ್ತೆ” ಅಂತ ಕಳಿಸಿದರು. ಗೌಡರು ಬಾಗಿಲ ತನಕ ಹೋಗಿ ವಾಪಸ್ ಬಂದು ಕೂತರು. ಮುಖ ಗಡಿಗೆಯಾಗಿತ್ತು.

“ಯಾಕೆ ಗೌಡ್ರೇ?”

“ಮುಂದ್ಗಡೆಯೋನ್ಗೆ ಎರಡ್ ಮಂಡಿಗೂ ಒಡುದ್ರಿ. ನಂಗೆ ಒಂದೇಟೂ ಇಲ್ವಲ್ಲ ಸಾ? ನಾನೇನ್ ದಾರಿಲಿ ಬಿದ್ದಿದ್ನಾ?”

ಡಾಕ್ಟರು ನಗು ತಡೆದುಕೊಂಡು ಎರಡು ಮಂಡಿಗೂ ತಟ್ಟಿದರು. ಕಾಲು ಟಣ್ಣನೆ ಎಗರಿತು. ಗೌಡರು, “ಆಹಾ! ತಲೆನೋವ್ ಅರ್ಧ ಇಳ್ದೋಯ್ತು” ಅಂತ ಎದ್ದು ಹೋದರು. ಮುಂದಿನ ತಿಂಗಳು ಅವರ ಊರಿಂದ ಒಂದು ಟ್ರಾಕ್ಟರ್ ಜನ ಬಂದು, ಚೀಟಿ ಬರೆಸುವ ಮೊದಲೇ ಪಂಚೆ ಮಂಡಿ ಮೇಲಕ್ಕೆ ಎತ್ತಿ ಸಾಲಾಗಿ ಕೂತಿದ್ದರು.

ತ್ರೀಫೇಸ್

ಪಾಂಡವಪುರದಲ್ಲಿ ರೈತರಿಗೆ ಒಂದು ಉಪನ್ಯಾಸ. ಹೊಸ ಸಂಶೋಧನೆ, ಹೊಸ ಚಿಕಿತ್ಸೆ, ಸ್ಲೈಡು, ಪರದೆ, ಭರ್ಜರಿ ಏರ್ಪಾಟು. ಡಾಕ್ಟರು ಮೊದಲ ಸ್ಲೈಡು ಹಾಕಿ “ಇದು ಮಿದುಳು” ಅಂದರು. ಕರೆಂಟು ಹೋಯಿತು.

ಡಾಕ್ಟರು ಬಿಡಲಿಲ್ಲ. ಕತ್ತಲಾದ ಹಾಲಿನಲ್ಲೇ ಶುರು ಮಾಡಿದರು. “ಮಿದುಳೂ ಹೀಗೇ ಕಣ್ರಪ್ಪ. ಅದರೊಳಗೂ ಕರೆಂಟ್ ಇದೆ. ಒಂದು ಕಡೆ ಇದ್ದಕ್ಕಿದ್ದಂತೆ ಜಾಸ್ತಿ ಆದರೆ ಫಿಟ್ಸ್. ನಾವು ಕೊಡೋ ಮಾತ್ರೆ ಆ ಕರೆಂಟನ್ನ ಹದ್ದುಬಸ್ತಿನಲ್ಲಿಡುತ್ತೆ. ದೆವ್ವ ಅಲ್ಲ, ಗಾಳಿ ಅಲ್ಲ.” ಜನ ತಲೆದೂಗಿದರು. ಇಷ್ಟು ಸಲೀಸಾಗಿ ಅರ್ಥವಾಗಿದ್ದು ನೋಡಿ ನನಗೂ ಆಶ್ಚರ್ಯ.

ಹಿಂದಿನಿಂದ ಒಬ್ಬ ಕಬ್ಬು ಬೆಳೆಗಾರ ಎದ್ದು ನಿಂತ. “ಸಾ, ನಮ್ ಮಾವುಂಗೆ ರಾತ್ರಿ ಒತ್ತೇ ಬತ್ತದೆ, ಅಗಲೊತ್ತು ಬರಾದೇ ಇಲ್ಲ. ನಮ್ಮೂರ್ಗೆ ಪಂಪ್‌ಸೆಟ್ಗೆ ತ್ರೀಫೇಸ್ ಕರೆಂಟ್ ಕೊಡಾದೂ ರಾತ್ರಿನೇ. ಅದ್ಕೇನಾ?”

ನಿದ್ದೆಯಲ್ಲಿ ಬರುವ ಫಿಟ್ಸ್ ಬಗ್ಗೆ ಡಾಕ್ಟರು ಅರ್ಧ ಗಂಟೆ ವಿವರಿಸಿದರು. ಆ ಮನುಷ್ಯ ಸಮಾಧಾನವಾಗಿ ಕೇಳಿ, ಪಕ್ಕದವನಿಗೆ ಹೇಳಿದ: “ನಾನಂದಿಲ್ವಾ? ತ್ರೀಫೇಸೇ ಕಣ್ಲಾ!”

ಕುಂಬಳಕಾಯಿ, ಕಂಬಳಿ, ಹುಂಜ

ಮರೆವಿನ ಕಾಯಿಲೆ ಇದೆಯಾ ಅಂತ ನೋಡಲು ಡಾಕ್ಟರ ಬಳಿ ಎರಡು ಪ್ರಶ್ನೆ ಇದ್ದವು. ಮೊದಲನೆಯದು, ಈಗ ಪ್ರಧಾನಮಂತ್ರಿ ಯಾರು? ದೆಹಲಿಯಲ್ಲಿ ಸರ್ಕಾರಗಳು ಮೇಲಿಂದ ಮೇಲೆ ಬೀಳುತ್ತಿದ್ದ ಕಾಲ ಅದು. ಶ್ರೀರಂಗಪಟ್ಟಣದ ಒಬ್ಬ ಮೇಷ್ಟ್ರು, “ಬೆಳಿಗ್ಗೆ ವಾರ್ತೆಯಲ್ಲಿ ಇದ್ದವರಾ, ಈಗಿರೋರಾ?” ಅಂತ ಡಾಕ್ಟರನ್ನೇ ಕೇಳಿದ್ದರು.

ಎರಡನೆಯದು, ಮೂರು ವಸ್ತುವಿನ ಹೆಸರು ಹೇಳಿ ಐದು ನಿಮಿಷ ಬಿಟ್ಟು ಕೇಳುವುದು. ಅದೇ ಊರಿನಲ್ಲಿ ಒಬ್ಬ ಅಜ್ಜಿಗೆ ಡಾಕ್ಟರು, “ಕುಂಬಳಕಾಯಿ, ಕಂಬಳಿ, ಹುಂಜ. ಮೂರನ್ನೂ ಮರೀಬೇಡಿ ಅಜ್ಜಿ” ಅಂದರು. ಅಷ್ಟರಲ್ಲಿ ಬೇರೆ ರೋಗಿ ಬಂದು, ಗಲಾಟೆಯಾಗಿ, ವಾಪಸ್ ಕೇಳುವುದನ್ನು ಡಾಕ್ಟರೇ ಮರೆತರು.

ಮುಂದಿನ ತಿಂಗಳು ಅಜ್ಜಿ ಬಂದರು. ಮೊಮ್ಮಗನ ತಲೆ ಮೇಲೆ ಕುಂಬಳಕಾಯಿ, ಅಜ್ಜಿಯ ಹೆಗಲ ಮೇಲೆ ಹೊಸ ಕಂಬಳಿ, ಕಂಕುಳಲ್ಲಿ ಹುಂಜ. “ಮರ್ತಿಲ್ಲ ಕಣಪ್ಪ. ಕಂಬ್ಳಿ ನೇಯ್ಸಕ್ಕೆ ವಸಿ ತಡ ಆಯ್ತು” ಅಂದರು. ಬೇಡ ಅಂದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಹುಂಜ ಮೈಸೂರಿನ ತನಕ ನನ್ನ ತೊಡೆ ಮೇಲೆ ಕೂತು ನನ್ನನ್ನು ಕುಕ್ಕುತ್ತಾ ಬಂತು.

ಅಂದಿನಿಂದ ಡಾಕ್ಟರ ಮೂರು ಪದ ಬದಲಾದವು: ಸೂರ್ಯ, ಸಮುದ್ರ, ಬೆಟ್ಟ. ಯಾರೂ ಹೊತ್ತು ತರಲಾರರು ಅನ್ನೋ ಧೈರ್ಯ.

ಬಾಯ ಮೇಲೆ ಬೆರಳು

ಇನ್ನು ಇದು. ಇದನ್ನು ಹೇಳೋಕೆ ನನಗೆ ಈಗಲೂ ನಾಚಿಕೆ.

ಮಿಸ್ಸು ತಿಂಗಳು ತಪ್ಪದೆ ಕ್ಯಾಂಪಿಗೆ ಬರುತ್ತಿದ್ದಳು. ಎಂಟು ತಿಂಗಳಾದರೂ ಒಂದು ಸಲವೂ ಫಿಟ್ಸ್ ಬರಲಿಲ್ಲ. ಆದರೂ ಯಜಮಾನರು ಅರ್ಜಿ ಬಿಡಲಿಲ್ಲ. ಊರವರ ಸಹಿ ಹಾಕಿಸಲು ಅಂಗನವಾಡಿ ಮುಂದೆಯೇ ಸಭೆ ಕರೆದರು. ಮಿಸ್ಸು ಅಳುತ್ತಾ ಬಂದು ಹೇಳಿದಾಗ ಡಾಕ್ಟರು, “ನಾನೇ ಬರ್ತೀನಮ್ಮ” ಅಂದರು.

ಹೊರಟ ದಿನ ವ್ಯಾನು ದಾರಿಯಲ್ಲಿ ಕೆಟ್ಟಿತು. ತಿಂಡಿ ಇಲ್ಲ, ಕಾಫಿ ಇಲ್ಲ. ತಲುಪುವಾಗ ನೆತ್ತಿ ಸುಡುವ ಬಿಸಿಲು. ಯಜಮಾನರು ಎದ್ದು ನಿಂತು ಸೀದಾ ಕೇಳಿದರು: “ಸಾ, ನೀವ್ ದೊಡ್ಡೋರು. ಒಂದೇ ಮಾತು. ಯಾರ್ಗಾರ ಏನಾರ ಆದ್ರೆ ಇವ್ಳು ನೋಡ್ಕಂಡಾಳಾ? ಇವ್ಳೇ ಬಿದ್ದೋಗೋಳು!”

ಮಿಸ್ಸು ಮಕ್ಕಳ ಮಧ್ಯೆ ತಲೆ ತಗ್ಗಿಸಿ ನಿಂತಿದ್ದಳು. ಡಾಕ್ಟರು ಬಿಸಿಲಲ್ಲೇ ನಿಂತು ಒಂದು ಗಂಟೆ ಮಾತಾಡಿದರು. ಹೊಸ ಚಿಕಿತ್ಸೆಯಲ್ಲಿ ಎಷ್ಟೋ ಜನ ಎಲ್ಲರ ಹಾಗೆ ಕೆಲಸ ಮಾಡ್ತಾರೆ ಅಂದರು. ಕೊನೆಗೆ, “ಯಾರೇ ಬಿದ್ದರೂ ಕೈಗೆ ಕಬ್ಬಿಣ ಕೊಡುವ ಮೂಢನಂಬಿಕೆ...” ಅಂದವರು ಧೊಪ್ಪನೆ ಬಿದ್ದರು.

“ಕಬ್ಣ ತತ್ರಲಾ!” ಅಂತ ಯಜಮಾನರು ಕಿರುಚಿದರು. ಒಬ್ಬ ಕುಡುಗೋಲು ತಂದ. ಒಬ್ಬ ಎಕ್ಕಡ ಬಿಚ್ಚಿದ. ಅಡುಗೆ ಆಯಾ ಈರುಳ್ಳಿ ಜಜ್ಜಿಕೊಂಡು ಓಡಿ ಬಂದಳು. ಆದರೆ ಎಲ್ಲರಿಗಿಂತ ಮೊದಲು ಡ್ರೈವರ್ ಕೈಯಿಂದ ವ್ಯಾನಿನ ಕೀ ಕಿತ್ತು ಡಾಕ್ಟರ ಅಂಗೈಗೆ ತುರುಕಿದವನು ಯಾರು ಗೊತ್ತಾ? ನಾನು! ಅಷ್ಟು ವರ್ಷ ನರರೋಗ ವಿಭಾಗದಲ್ಲಿ ಸವೆದವನು!

ಮಿಸ್ಸು ನನ್ನ ಕೈ ಮೇಲೆ ಫಟ್ಟನೆ ಒಂದು ಬಿಟ್ಟಳು. ಕೀ ಹಾರಿ ಬಿತ್ತು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಮಕ್ಕಳಿಗೆ ಕೂಗುವ ದನಿಯಲ್ಲೇ ಕೂಗಿದಳು: “ಎಲ್ರೂ ದೂರ! ಕುತ್ಕಳಿ! ಕೈ ಕಟ್ಟಿ! ಬಾಯ್ ಮೇಲೆ ಬೆಳ್ಳು!”

ದೇವರಾಣೆ, ಇಡೀ ಊರು ಕೂತುಕೊಂಡಿತು. ಕುಡುಗೋಲಿನವನು ಕೂತ, ಆಯಾ ಕೂತಳು, ನಾನು ಕೂತೆ. ಯಜಮಾನರೂ ಪಂಚೆ ಸರಿಮಾಡಿಕೊಂಡು ನೆಲದ ಮೇಲೆ ಕೂತು ತುಟಿ ಮೇಲೆ ಬೆರಳಿಟ್ಟುಕೊಂಡರು.

ಮಿಸ್ಸು ಡಾಕ್ಟರನ್ನು ಪಕ್ಕಕ್ಕೆ ಹೊರಳಿಸಿದಳು. ಟೈ ಸಡಿಲಿಸಿದಳು. ಗಡಿಯಾರ ನೋಡುತ್ತಾ ಕೂತಳು. ಅರ್ಧ ನಿಮಿಷಕ್ಕೆ ಡಾಕ್ಟರು ಕಣ್ಣು ಬಿಟ್ಟು, “ನೀರು” ಅಂದರು.

“ಕೊಡಂಗಿಲ್ಲ ಸಾ. ಪೂರ್ತಿ ಎಚ್ಚರ ಆಗ್ಬೇಕು. ನೀವೇ ಏಳಿದ್ದು.”

“ನನಗೆ ಫಿಟ್ಸ್ ಅಲ್ಲಮ್ಮಾ, ಹೊಟ್ಟೆ ಹಸಿದು ತಲೆ ಸುತ್ತಿದ್ದು.”

“ಆಗ್ಲಿ ಸಾ. ಈಗ ಪ್ರಧಾನಮಂತ್ರಿ ಯಾರು, ಏಳಿ.”

ಡಾಕ್ಟರು ಹೆಸರು ಹೇಳಿದರು. ಯಜಮಾನರು ಬೆರಳು ತೆಗೆಯದೆ ತಲೆ ಅಡ್ಡಡ್ಡ ಆಡಿಸಿದರು. ಹಿಂದಿನ ದಿನವೇ ಸರ್ಕಾರ ಬದಲಾಗಿತ್ತಂತೆ, ವ್ಯಾನು ರಿಪೇರಿ ತಲೆಬಿಸಿಯಲ್ಲಿ ನಾವು ಪೇಪರ್ ನೋಡಿರಲಿಲ್ಲ. ಮಿಸ್ಸು ನೀರಿನ ಚೊಂಬನ್ನು ಹಿಂದಕ್ಕೆ ಎಳೆದುಕೊಂಡಳು.

“ಸೂರ್ಯ, ಸಮುದ್ರ, ಬೆಟ್ಟ!” ಅಂತ ಡಾಕ್ಟರು ಗೋಗರೆದರು. “ಕುಂಬಳಕಾಯಿ, ಕಂಬಳಿ, ಹುಂಜ! ಇನ್ನೇನು ಹೇಳಲಮ್ಮಾ?” ಆಗ ನೀರು ಸಿಕ್ಕಿತು. ಹಿಂದೆಯೇ ಮಕ್ಕಳಿಗೆ ಮಾಡಿಟ್ಟಿದ್ದ ಉಪ್ಪಿಟ್ಟೂ ಬಂತು. ಎರಡು ತಟ್ಟೆ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಡಾಕ್ಟರು ಊರಿನ ಕಡೆ ತಿರುಗಿದರು.

“ಯಜಮಾನ್ರೇ, ಯಾರಿಗಾದರೂ ಏನಾದರೂ ಆದರೆ ಈ ಹುಡುಗಿ ನೋಡ್ಕೋತಾಳಾ ಅಂತ ಕೇಳಿದ್ರಲ್ಲ. ಈಗ ನೀವೇ ಹೇಳಿ.”

ಯಜಮಾನರು ಎದ್ದು ನಿಂತರು. ಒಂದೇ ಕೈಯಲ್ಲಿ ಜೇಬಿನಿಂದ ಅರ್ಜಿ ತೆಗೆದು, ನಾಲ್ಕು ಮಡಿಕೆ ಮಾಡಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಇಡೀ ಸಭೆ ಕಾಯುತ್ತಿದೆ. ಕೊನೆಗೆ ಅವರು ಮಿಸ್ಸಿನ ಕಡೆ ತಿರುಗಿ, ತುಟಿ ಮೇಲಿನ ಬೆರಳನ್ನು ಒಂದೇ ಒಂದು ಚೂರು ಸರಿಸಿ, ಮೆಲ್ಲಗೆ ಕೇಳಿದರು:

“ಮಿಸ್ಸು, ಬೆಳ್ಳು ತೆಗೀಬೋದಾ?”