ರಾಶಿಯ ತಳದ ಅರ್ಜಿ

ಕಂಪ್ಯೂಟರ್ ವಿಭಾಗದಲ್ಲಿ ಡೇಟಾ ಸ್ಟ್ರಕ್ಚರ್ ಪಾಠ ಮಾಡುವ ಮೇಷ್ಟ್ರ ವರ್ಗಾವಣೆ ಅರ್ಜಿ ಐದು ತಿಂಗಳಿಂದ ಪ್ರಿನ್ಸಿಪಾಲರ ಮೇಜಿನ ಮೇಲೆ, ಕಾಗದದ ರಾಶಿಯ ತೀರಾ ತಳದಲ್ಲಿ ಮಲಗಿತ್ತು. ಇದು ಅವರ ಅತಿಬುದ್ಧಿಯ ಫಲ. ಮೊದಲು ಕೊಟ್ಟರೆ ಮೊದಲು ಸಹಿಯಾಗುತ್ತದೆಂದು ರಜೆ ಮುಗಿದು ಕಾಲೇಜು ತೆರೆದ ದಿನವೇ ಖಾಲಿ ಮೇಜಿನ ಮೇಲೆ ಇಟ್ಟು ಬಂದಿದ್ದರು.

ಪ್ರಿನ್ಸಿಪಾಲರದು ಒಂದೇ ಪದ್ಧತಿ. ದಿನಕ್ಕೆ ಇಪ್ಪತ್ತು ಸಹಿ, ಅದೂ ಮೇಲಿನಿಂದ. ಆದರೆ ದಿನಕ್ಕೆ ಇಪ್ಪತ್ತೆರಡು ಕಾಗದ ಬರುತ್ತಿದ್ದವು, ಅವೂ ಮೇಲೆಯೇ ಕೂರುತ್ತಿದ್ದವು. ಕೊನೆಗೆ ಬಂದದ್ದು ಮೊದಲು ಹೋಗುತ್ತದೆ, ಮೊದಲು ಬಂದದ್ದು ಕಾಯುತ್ತದೆ, ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ ಎಂದು ಮೇಷ್ಟ್ರು ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದರು. ಪಾಠ ಮಾಡುವುದು ಬೇರೆ, ಅದರ ತಳದಲ್ಲಿ ಸಿಕ್ಕಿಬೀಳುವುದು ಬೇರೆ.

ಇವತ್ತು ಸಂಜೆ ಐದಕ್ಕೆ ವರ್ಗಾವಣೆ ಪಟ್ಟಿ ಮುಖ್ಯ ಕಚೇರಿಗೆ ಹೋಗಬೇಕು. ತಪ್ಪಿದರೆ ಇನ್ನು ಮೂರು ವರ್ಷ. ಹೆಂಡತಿಯ ಕೆಲಸ ಒಂದು ಹಗಲಿನ ಪ್ರಯಾಣದಾಚೆಯ ಊರಿನಲ್ಲಿ. ಆರು ವರ್ಷದ ಮಗಳು, ಅಪ್ಪ ಎಂದರೆ ಫೋನಿನೊಳಗೆ ಇರುವ ಮನುಷ್ಯ ಎಂದೇ ನಂಬಿದ್ದಳು.

ಮೇಷ್ಟ್ರು ಬೆಳಿಗ್ಗೆಯೇ ಪ್ರಿನ್ಸಿಪಾಲರ ಬಳಿ ಹೋಗಿ ಕೈಮುಗಿದರು. "ಸರ್, ತಳದಲ್ಲಿ ನಂದೊಂದಿದೆ. ಸ್ವಲ್ಪ ಎಳೆದುಕೊಂಡ್ರೆ..."

"ಎಲ್ಲದಕ್ಕೂ ಒಂದು ಕ್ರಮ ಅಂತ ಇದೆ ಮೇಷ್ಟ್ರೇ," ಎಂದರು ಪ್ರಿನ್ಸಿಪಾಲರು. "ಈ ರಾಶಿಗೆ ಯಾರಾದ್ರೂ ಕೈ ಹಾಕಿದ್ದು ಗೊತ್ತಾದ್ರೆ ಅವರ ಅರ್ಜಿನೇ ಹರಿದು ಹಾಕ್ತೀನಿ."

ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ತಮ್ಮ ಗೋಳನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು. ಕ್ಯೂ ಇದ್ದಿದ್ದರೆ ಮೊದಲು ಬಂದವನಿಗೆ ಮೊದಲು ಸಿಗುತ್ತಿತ್ತು ಎಂದು ನಿಟ್ಟುಸಿರುಬಿಟ್ಟರು. ಫಿಸಿಕ್ಸ್ ಮೇಷ್ಟ್ರಿಗೆ ಅರ್ಥವಾದದ್ದು, ಕೊನೆಗೆ ಇಟ್ಟದ್ದು ಮೊದಲು ಹೋಗುತ್ತದೆ ಎಂಬ ಮೊದಲರ್ಧ ಮಾತ್ರ. ತಕ್ಷಣ ಎದ್ದು ಹೋಗಿ ತಮ್ಮ ರಜೆ ಚೀಟಿಯನ್ನು ರಾಶಿಯ ತುದಿಗೆ ಇಟ್ಟು ಬಂದರು. ಅವರ ಹಿಂದೆಯೇ ಇನ್ನೂ ಹತ್ತೊಂಬತ್ತು ಮಂದಿ ಹೋದರು. ಲೈಬ್ರರಿ ಮೇಡಂ ಒಬ್ಬರೇ ಕಣ್ಣೊರೆಸಿಕೊಂಡು, "ಪಾಪ, ಆ ಮಗು! ನಾನೇನಾದ್ರೂ ಮಾಡ್ತೀನಿ ಸರ್," ಎಂದರು. ಮೇಷ್ಟ್ರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಿನ್ಸಿಪಾಲರು ಊಟಕ್ಕೆ ಹೋದೊಡನೆ ಮೇಷ್ಟ್ರು ಕಳ್ಳಹೆಜ್ಜೆಯಲ್ಲಿ ಒಳಹೊಕ್ಕರು. ಒಂದು ಸ್ಟ್ಯಾಕಿನಿಂದ ತೆಗೆತೆಗೆದು ಇನ್ನೊಂದಕ್ಕೆ ಹಾಕಿದರೆ ಸರದಿ ತಿರುಗುಮುರುಗಾಗುತ್ತದೆ. ಪಠ್ಯಪುಸ್ತಕದ ಮೂರನೇ ಅಧ್ಯಾಯ, ಎರಡನೇ ಲೆಕ್ಕ. ಇನ್ನೂರ ಅರವತ್ತು ಕಾಗದವನ್ನು ಒಂದೊಂದಾಗಿ ಸಾಗಿಸುವಾಗ ಜವಾನಣ್ಣ ಬಾಗಿಲಲ್ಲಿ ಇಣುಕಿದ.

"ಏನ್ಮಾಡ್ತಿದ್ದೀರಾ ಮೇಷ್ಟ್ರೇ?"

"ಧೂ... ಧೂಳು ಹೊಡೀತಿದೀನಿ."

"ಅಯ್ಯೋ, ನಾನಿರೋದ್ಯಾಕೆ?" ಎಂದು ಜವಾನಣ್ಣ ಒರೆಸುವ ಬಟ್ಟೆಯೊಂದಿಗೆ ನುಗ್ಗಿದ. ರಾಶಿ ಎರಡು ಸಲ ವಾಲಿತು. ಮೇಷ್ಟ್ರು ಕೂಸನ್ನು ಅವಚಿಕೊಂಡಂತೆ ಅದನ್ನು ಎದೆಗೆ ಅವಚಿ ಉಳಿಸಿಕೊಂಡರು. ಕೊನೆಗೆ ತಮ್ಮ ಅರ್ಜಿ ತುತ್ತತುದಿಯಲ್ಲಿ ಕೂತಾಗ ಅವರ ಕಣ್ಣು ತುಂಬಿತು.

ಮೂರು ಗಂಟೆಗೆ ಪ್ರಿನ್ಸಿಪಾಲರು ಬಂದರು, ಜೊತೆಗೆ ಲೈಬ್ರರಿ ಮೇಡಂ. ಮೇಷ್ಟ್ರನ್ನೂ ಒಳಗೆ ಕರೆದರು.

"ಊಟದ ಹೊತ್ತಲ್ಲಿ ಮೇಡಂ ನಿಮ್ಮ ಪಾಠ ಪೂರ್ತಿ ಹೇಳಿದ್ರು. ನನ್ನ ಕಣ್ಣು ತೆರೆಸಿದ್ರಿ ಮೇಷ್ಟ್ರೇ! ಇವತ್ತಿಂದ ಇಲ್ಲಿ ಕ್ಯೂ. ಸಹಿ ತಳದಿಂದ."

ಮೇಷ್ಟ್ರ ಬಾಯಿ ತೆರೆಯಿತು. ಅರ್ಜಿ ಹರಿದು ಹಾಕುವ ಬೆಳಿಗ್ಗೆಯ ಮಾತು ನೆನಪಾಗಿ ಹಾಗೇ ಮುಚ್ಚಿಕೊಂಡಿತು.

ಪ್ರಿನ್ಸಿಪಾಲರು ಕಾಗದ ಓದಿ ಸಹಿ ಹಾಕುವವರಲ್ಲ. ರಾಶಿ ಅಲುಗದಿರಲೆಂದು ಅದರ ಮೇಲೆ ಕಾಫಿ ಲೋಟವಿಟ್ಟು, ತಳದಿಂದ ಇಪ್ಪತ್ತು ಕಾಗದ ಎಳೆದು ಸಹಿ ಮಾಡಿದರು. ಅಷ್ಟೂ ಫಿಸಿಕ್ಸ್ ಮೇಷ್ಟ್ರು ಮತ್ತು ಪರಿವಾರದವು. ಲೋಟದ ಬುಡ ಮೇಷ್ಟ್ರ ಅರ್ಜಿಯ ಮೇಲೆ ದುಂಡಗೆ ಮುದ್ರೆಯೊತ್ತಿತು. ಐದು ತಿಂಗಳಲ್ಲಿ ಅದಕ್ಕೆ ಬಿದ್ದ ಮೊದಲ ಮುದ್ರೆ ಅದು.

"ಶುಭಾಶಯ ಸರ್," ಎಂದು ಮೇಡಂ ಹನಿಗಣ್ಣಾಗಿ ನಕ್ಕರು.

ಐದು ಹೊಡೆಯಿತು. ಜವಾನಣ್ಣ ಪಟ್ಟಿಯ ಲಕೋಟೆ ಹಿಡಿದು ಮೆಟ್ಟಿಲಿಳಿದ. ಮೇಷ್ಟ್ರ ಫೋನು ಹೊಡೆದುಕೊಂಡಿತು.

"ಅಪ್ಪಾ, ನಿನ್ನ ಕಾಗದ ಎಲ್ಲಿಗೆ ಬಂತು?"

"ಎಲ್ಲಕ್ಕಿಂತ ಮೇಲಿದೆ ಪುಟ್ಟಿ."

"ಹಾಗಾದ್ರೆ ನೀನೇ ಫಸ್ಟಾ?"

ಹದಿನೆಂಟು ವರ್ಷ ಇದನ್ನೇ ಪಾಠ ಮಾಡಿದ ಮೇಷ್ಟ್ರು ಬೆರಳು ಮಡಚಿ, ತಳದಿಂದ ತಮ್ಮ ಸರದಿ ಎಣಿಸತೊಡಗಿದರು.