ನಮ್ಮನೆ ಹೀಟ್ ಸಿಂಕ್ ರಿಪೇರಿ

ನಮ್ಮ ಮನೆಯಲ್ಲಿ ಯಾವ ಸಾಮಾನೂ ತಾನಾಗಿ ಕೆಡುವುದಿಲ್ಲ. ಮೊದಲು ನಮ್ಮೆಜಮಾನರು ರಿಪೇರಿ ಮಾಡುತ್ತಾರೆ, ಆಮೇಲೆ ಕೆಡುತ್ತದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಹಾಗೇ ಹೋದವು. ಈ ಸಲ ಅವರು ಕೈ ಹಾಕಿದ್ದು ನನ್ನ ಲ್ಯಾಪ್‌ಟಾಪಿಗೆ.

ಟಕ್!

ಗುರುಗ್ರಾಮದ ಹದಿನಾಲ್ಕನೇ ಮಹಡಿಯಲ್ಲಿ ಕೂತು ನಾನು ಕಟ್ಟಡಗಳ ತ್ರೀಡಿ ವಿಡಿಯೋ ಮಾಡುತ್ತೇನೆ. ಅದಕ್ಕೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು. ಆಫೀಸು ಬಿಟ್ಟು ಸ್ವಂತವಾಗಿ ಶುರು ಮಾಡಿದ ಮೇಲೆ ಸಿಕ್ಕ ಮೊದಲ ಗಿರಾಕಿಗೆ ಸೋಮವಾರ ಬೆಳಿಗ್ಗೆ ವಿಡಿಯೋ ಕಳಿಸಬೇಕಿತ್ತು. ತಪ್ಪಿದರೆ ಕೆಲಸ ಇನ್ನೊಬ್ಬರಿಗೆ ಅಂತ ಆತ ಮುಲಾಜಿಲ್ಲದೆ ಹೇಳಿದ್ದ.

ಗುರುವಾರ ಲ್ಯಾಪ್‌ಟಾಪ್ ಸ್ವಲ್ಪ ಬಿಸಿಯಾಯಿತು. ಜೂನ್ ತಿಂಗಳಲ್ಲಿ ಇಲ್ಲಿ ಬಿಸಿಯಾಗದ್ದು ಯಾವುದಿದೆ ಹೇಳಿ? ಇವರು ಮಾತ್ರ "ಧೂಳು ಕೂತಿದೆ, ಎರಡೇ ನಿಮಿಷ" ಅಂತ ಬಿಚ್ಚೇಬಿಟ್ಟರು. ಒಳಗಿನ ಬಿಸಿ ಎಳೆದುಕೊಳ್ಳುವ ತಾಮ್ರದ ಪಟ್ಟಿಗೆ ಹೀಟ್ ಸಿಂಕ್ ಅನ್ನುತ್ತಾರೆ. ಅದನ್ನು ಪುಟ್ಟ ಕಂಬಗಳ ಮೇಲೆ ಕೂರಿಸಿ ಸ್ಕ್ರೂ ಹಾಕಿರುತ್ತಾರೆ. ವಾಪಸ್ ಕೂರಿಸುವಾಗ ಇವರು ಸ್ಕ್ರೂ ತಿರುಗಿಸಿದರು, ಇನ್ನೂ ತಿರುಗಿಸಿದರು. ಒಂದು ಕಂಬ ಟಕ್ ಅಂತ ಬುಡಸಮೇತ ಕಿತ್ತು ಬಂತು.

"ಏನ್ರೀ ಅದು ಸದ್ದು?"

"ಪಕ್ಕದ ಮನೇದಿರಬೇಕು."

"ಪಕ್ಕದ ಮನೆ ಸದ್ದಿಗೆ ನೀವ್ಯಾಕೆ ಬೆವರ್ತಿದ್ದೀರಿ?"

"ಸೆಖೆ ಕಣೇ" ಅಂದರು, ಏಸಿ ಕೆಳಗೆ ನಿಂತುಕೊಂಡು.

ಭಾಭೀಜಿಯ ಆಟ

ಅಲ್ಲಿಂದ ಲ್ಯಾಪ್‌ಟಾಪ್ ಐದು ನಿಮಿಷಕ್ಕೆ ಕಾದು ಆಫ್ ಆಗತೊಡಗಿತು. ನನಗೆ ಅಳು ಬರೋದೊಂದು ಬಾಕಿ. ಶುಕ್ರವಾರ ದೆಹಲಿಯ ಜನಕಪುರಿಯ ರಿಪೇರಿ ಅಂಗಡಿಗೆ ಹೋದೆವು. ಲ್ಯಾಪ್‌ಟಾಪ್ ನನ್ನದು, ತಂದವಳು ನಾನು. ಅಂಗಡಿಯ ಮಹಾಶಯ ಮಾತಾಡಿದ್ದು ಮಾತ್ರ ನಮ್ಮೆಜಮಾನರ ಜೊತೆ. ಹಾಳು ಮಾಡಿದವರಿಗೇ ಮರ್ಯಾದೆ! ಇಡೀ ಬೋರ್ಡೇ ಬದಲಾಯಿಸಬೇಕು, ಹತ್ತು ದಿನ ಬೇಕು ಅಂದ.

"ಭಯ್ಯಾ, ಇದು ನನ್ನ ಕೆಲಸದ ಲ್ಯಾಪ್‌ಟಾಪ್, ಸೋಮವಾರಕ್ಕೆ ಬೇಕು" ಅಂದೆ.

ಅವನು ಇವರ ಕಡೆ ತಿರುಗಿ, "ಭಾಭೀಜಿ ಇದರಲ್ಲಿ ಏನು ಮಾಡ್ತಾರೆ?" ಅಂತ ಕೇಳಿದ.

"ಮನೆ ಕಟ್ತಾರೆ" ಅಂದರು ಇವರು.

"ಅಚ್ಛಾ! ನನ್ನ ಮಗಳೂ ದಿನಾ ಅದೇ ಗೇಮ್ ಆಡೋದು."

ಪಂಡಿತರ ಗ್ರೂಪು

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಕೇಳಬಾರದಿತ್ತು. ಒಬ್ಬರು ಫ್ರಿಜ್ಜಿನಲ್ಲಿಡಿ ಅಂದರು. ಇನ್ನೊಬ್ಬರು ನೀರಿನ ಕೂಲರ್ ಮುಂದೆ ಇಡಿ ಅಂದರು, ನೀರು ಹಾರಿದರೆ ಟವೆಲ್ ಮುಚ್ಚಬೇಕಂತೆ! ಸರ್ಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಫೋನೇ ಮಾಡಿದರು. "ನೋಡಮ್ಮಾ, ಮೈಸೂರಲ್ಲಾಗಿದ್ರೆ ಈ ತಾಪತ್ರಯಾನೇ ಇರ್ತಿರಲಿಲ್ಲ. ಅಲ್ಲಿ ಹವಾ ತಂಪು."

"ಹಾಗಿದ್ರೆ ಲ್ಯಾಪ್‌ಟಾಪನ್ನ ರೈಲು ಹತ್ತಿಸಲಾ ಅಂಕಲ್?"

"ಹತ್ತಿಸಮ್ಮಾ, ಏಸಿ ಬೋಗೀಲೇ ಕಳಿಸು" ಅಂದರು. ತಮಾಷೆಗಲ್ಲ, ನಿಜವಾಗಿಯೂ ಅಂದರು.

ಸಿಂಕ್ ಎಲ್ಲಿದೆ?

ಶನಿವಾರ ನಮ್ಮೆಜಮಾನರಿಗೆ ಜ್ಞಾನೋದಯವಾಯಿತು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಆ್ಯಪಿನಲ್ಲಿ ದೂರು ಹಾಕಿದರು: ಹೀಟ್ ಸಿಂಕ್ ಮುರಿದಿದೆ, ತುರ್ತು. ಸೊಸೈಟಿ ಆಫೀಸಿನವರು 'ಸಿಂಕ್' ಅನ್ನೋದೊಂದೇ ಓದಿಕೊಂಡರು. ಅರ್ಧ ಗಂಟೆಯಲ್ಲಿ ಬಾಗಿಲಿಗೆ ಪ್ಲಂಬರ್ ಬಂದು ನಿಂತ.

"ಸಿಂಕ್ ಎಲ್ಲಿದೆ ಮೇಡಂ?"

ನನಗೆ ಮೈಯೆಲ್ಲ ಉರಿದುಹೋಯಿತು. "ಇಲ್ಲಿದೆ ನೋಡಪ್ಪಾ" ಅಂತ ಬಿಚ್ಚಿದ ಲ್ಯಾಪ್‌ಟಾಪನ್ನೇ ತೋರಿಸಿದೆ. ಅವನು ನಗಲಿಲ್ಲ. ಕನ್ನಡಕ ಹಾಕಿಕೊಂಡ. ಕಿತ್ತ ಕಂಬವನ್ನು ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ನಮ್ಮೆಜಮಾನರನ್ನು ನೋಡಿದ. ಚೀಲದಿಂದ ಪೈಪಿಗೆ ಹಚ್ಚುವ ಎರಡು ಬಗೆಯ ಅಂಟು ತೆಗೆದು, ಕಲಸಿ, ಸೂಜಿಯ ತುದಿಯಲ್ಲಿ ಚೂರೇ ಚೂರು ಹಚ್ಚಿ ಕಂಬ ನಿಲ್ಲಿಸಿದ. "ನಾಳೆವರೆಗೆ ಯಾರೂ ಮುಟ್ಟಬಾರದು. ಸ್ಕ್ರೂ ಮೇಡಂ ಹಾಕಲಿ" ಅಂದ.

ಭಾನುವಾರ ಸ್ಕ್ರೂ ಹಾಕಿ, ದೇವರೇ ಕಾಪಾಡಪ್ಪಾ ಅಂತ ಆನ್ ಮಾಡಿದೆ. ಇಡೀ ದಿನ ಓಡಿತು, ಒಂದು ಸಲವೂ ಆಫ್ ಆಗಲಿಲ್ಲ. ಸೋಮವಾರ ಒಂಬತ್ತಕ್ಕೆ ವಿಡಿಯೋ ಹೋಯಿತು, ಹನ್ನೊಂದಕ್ಕೆ ಗಿರಾಕಿ ಒಪ್ಪಿದ. ಹೋದ ಜೀವ ವಾಪಸ್ ಬಂದ ಹಾಗಾಯಿತು.

ದೂರು ಮುಗಿಸೋಣ ಅಂತ ಆ್ಯಪ್ ತೆರೆದೆ. ಕೆಲಸ ಮಾಡಿದವರು ಎಲ್ಲ ಖಾನೆಯನ್ನೂ ತುಂಬಲೇಬೇಕು ಅನ್ನೋದು ಸೊಸೈಟಿಯ ನಿಯಮ. ಪ್ಲಂಬರ್ ನಿಯತ್ತಾಗಿ ತುಂಬಿದ್ದ:

ಕೆಟ್ಟಿದ್ದು: ಸಿಂಕ್.

ಈಗಿನ ಸ್ಥಿತಿ: ಸೋರುತ್ತಿಲ್ಲ.

ಕೆಡಲು ಕಾರಣ: ಸಾಹೇಬರು.