ರಷ್ಯಾದವನೋ, ಅಮೆರಿಕದವನೋ

ಬಾಯಿ ಮುಚ್ಕೊಂಡಿರಬೇಕಾದ ಹೊತ್ತಲ್ಲೇ ನನಗೆ ಮಾತು ಉಕ್ಕಿ ಬರುತ್ತೆ. ಒಂದು ಸಲವಾಗಿದ್ರೆ ಗ್ರಹಚಾರ ಅನ್ನಬಹುದಿತ್ತು, ನನ್ನದು ಹುಟ್ಟುಗುಣ.

೧. ಕರೆಂಟು ಹೋದಾಗ

ತೊಂಬತ್ತರ ಆಸುಪಾಸು. ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಮಗ್ಗದ ಮನೆ. ಕರೆಂಟು ಹೋಗಿ ಮಗ್ಗ ನಿಂತರೆ ಜಗಲಿ ಮೇಲೆ ಚೆಸ್ ಶುರು. ಆಟಕ್ಕಿಂತ ಜಗಳವೇ ಜಾಸ್ತಿ: ಇದುವರೆಗಿನವರಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ನಾನು ರಷ್ಯಾದವನು ಅಂತಿದ್ದೆ, ಪಕ್ಕದ ಮನೆಯವನು ಅಮೆರಿಕದವನು ಅಂತಿದ್ದ. ಮಗ್ಗದ ಸದ್ದಲ್ಲಿ ಬೆಳೆದ ಗಂಟಲು, ಮೆಲ್ಲಗೆ ಮಾತಾಡೋಕೆ ಬರ್ತಿರಲಿಲ್ಲ. ಒಂದಿನ ಕರೆಂಟು ಬಂದು ಬೀದಿಯ ಮಗ್ಗಗಳೆಲ್ಲ ಓಡ್ತಿದ್ದರೂ ನಮ್ಮ ಕೂಗಾಟದಲ್ಲಿ ಕೇಳಿಸಲೇ ಇಲ್ಲ. ಅಪ್ಪ ಬಂದು, "ಲೇ, ಆ ರಷ್ಯಾದವನನ್ನೇ ಕರ್ಕೊಂಡ್ ಬಾ, ಸೀರೆ ಅವನೇ ನೇಯ್ಲಿ!" ಅಂದ್ರು.

೨. ಹೆಣ್ಣು ನೋಡೋ ಶಾಸ್ತ್ರ

ತಂಗಿಯನ್ನು ನೋಡೋಕೆ ಸಮೇತನಹಳ್ಳಿಯಿಂದ ಹುಡುಗ, ಅವನ ತಾಯಿ ಬಂದರು. ಮೇಷ್ಟ್ರ ಕೆಲಸ, ಮೆತ್ತಗಿನ ಮಾತು. ಬಾಗಿಲ ಸಂದಿಯಿಂದ ನೋಡಿದಾಗಲೇ ತಂಗಿಗೆ ಹಿಡಿಸಿಬಿಟ್ಟಿದ್ದ. ಚೆಸ್ ಆಡ್ತೀನಿ ಅಂದ.

"ಹಾಗಾದ್ರೆ ಯಾರ್ರೀ ದೊಡ್ಡೋನು?" ಅಂದೆ.

"ಅಮೆರಿಕದವರು."

ಸರಿ, ಹತ್ಕೊಳ್ತು! ಉಪ್ಪಿಟ್ಟು ಆರಿತು. ತಂಗಿ ಕಾಫಿ ತಂದು ನಿಂತಳು. "ತಡಿಯಮ್ಮ" ಅಂತ ನಾನೇ ಕೈ ಅಡ್ಡ ಹಿಡಿದೆ. ವಾರದ ಮೇಲೆ, ಸಂಬಂಧ ತಂದ ಹಿರಿಯರು ಸಪ್ಪೆ ಮುಖ ಮಾಡ್ಕೊಂಡು ಬಂದರು. "ಹುಡುಗಿ ಹೇಗಿದ್ಲು ಅಂತ ಕೇಳಿದ್ರೆ, ಅವಳಣ್ಣನ ಮುಖ ಮಾತ್ರ ಜ್ಞಾಪಕ ಇದೆ ಅಂತಾನಪ್ಪಾ!"

೩. ಸೋಲೋಕೆ ಹೋಗಿದ್ದು

ತಂಗಿ ನನ್ನ ಜೊತೆ ಮಾತು ಬಿಟ್ಟಳು. ಅಡುಗೆಮನೇಲಿ ಒಬ್ಬಳೇ ಕಣ್ಣೊರೆಸಿಕೊಳ್ತಿದ್ದದ್ದು ನೋಡಿ ನನ್ನ ಮೇಲೆ ನನಗೇ ಅಸಹ್ಯವಾಯಿತು. "ಹೋಗಿ ತಪ್ಪಾಯ್ತು ಅಂತೀನಿ, ಅಮೆರಿಕದವನೇ ದೊಡ್ಡೋನು ಅಂತ ಒಪ್ಕೊಂಡು, ಇನ್ನೊಂದು ಸಲ ಕರೆದು ಬರ್ತೀನಿ" ಅಂತ ಅವಳಿಗೆ ಹೇಳಿ ಬಸ್ ಹತ್ತಿದೆ.

ಹುಡುಗ ನಗ್ತಾ ಒಳಗೆ ಕರೆದ. ನಾನು ಬಾಯಿ ತೆರೆಯೋ ಮುಂಚೆಯೇ, "ನೀವು ಹೇಳಿದ್ದನ್ನ ಯೋಚಿಸ್ದೆ. ರಷ್ಯಾದವರೇ ಸರಿ" ಅಂದ.

ಸುಮ್ಮನೆ ಹೂಂ ಅಂದಿದ್ದರೆ ಮುಗೀತಿತ್ತು. ದಾರಿಯುದ್ದಕ್ಕೂ ಅಮೆರಿಕದವನ ಪರವಾಗಿ ಮಾತು ಜೋಡಿಸಿಕೊಂಡು ಬಂದಿದ್ದೆನಲ್ಲ! "ಹೇಗ್ರೀ ರಷ್ಯಾದವನು?" ಅಂದ್ಬಿಟ್ಟೆ. ಒಂದು ಗಂಟೆ ಕೂಗಾಡಿದೆ. ಅವನ ತಾಯಿ ಒಳಗಿನಿಂದ ಬಂದು, "ನಮ್ಮದು ಮೆತ್ತಗೆ ಮಾತಾಡೋ ಮನೆ ಕಣಪ್ಪಾ. ಈ ಸಂಬಂಧ ಬೇಡ, ಬಿಟ್ಬಿಡಿ" ಅಂತ ಕೈ ಮುಗಿದರು.



ಮನೆಗೆ ಬಂದರೆ ತಂಗಿ ಬಾಗಿಲಲ್ಲೇ ಕಾಯ್ತಿದ್ದಳು. "ಏನಾಯ್ತಣ್ಣಾ? ಸೋತು ಬಂದ್ಯಾ?"

"ಇಲ್ಲ ಕಣಮ್ಮಾ," ಅಂದೆ. "ಎರಡು ಕಡೆಯಿಂದಲೂ ಗೆದ್ಬಿಟ್ಟೆ."